ನಲವತ್ತು ಮುಂಜಾವಿನ ಸಹಿ

ಫಾರ್ಮು ಮೂರು ಪುಟದ್ದು. ಮೊದಲ ಎರಡು ಪುಟಗಳನ್ನು ಸುಚಿತ್ರಾ ನಿಂತ ಕಾಲಲ್ಲೇ ತುಂಬಿದ್ದಳು. ವಯಸ್ಸು ಇಪ್ಪತ್ತೊಂಬತ್ತು, ಊರು ಸಾಗರ, ಕೆಲಸ ಲ್ಯಾಬ್ ಟೆಕ್ನಿಷಿಯನ್, ಹಿಂದಿನ ಸೇವೆ ಮಲಾವಿ ದೇಶದ ಮಿಷನ್ ಆಸ್ಪತ್ರೆಯಲ್ಲಿ ಮೂರು ವರ್ಷ, ರಕ್ತದ ಗುಂಪು, ಹಳದಿ ಜ್ವರದ ಚುಚ್ಚುಮದ್ದು. ಮೂರನೆಯ ಪುಟದಲ್ಲಿ ಇದ್ದದ್ದು ಒಂದೇ ವಾಕ್ಯ, ಅದರ ಕೆಳಗೊಂದು ಗೆರೆ.

"ಅಭ್ಯರ್ಥಿಯು ಕಳೆದ ನಲವತ್ತು ದಿನ ಪ್ರತಿದಿನ ಮುಂಜಾನೆ ಏಕಾಂತ ಪ್ರಾರ್ಥನೆಯನ್ನು ತಪ್ಪದೆ ನಡೆಸಿಕೊಂಡು ಬಂದಿರುವುದನ್ನು ಬಲ್ಲೆ, ಅವರು ಪ್ರಾರ್ಥಿಸುವುದನ್ನು ಖುದ್ದಾಗಿ ಕೇಳಿದ್ದೇನೆ."

ಗೆರೆಯ ಮೇಲೆ ಸಾಕ್ಷಿಯ ಸಹಿ ಬೀಳಬೇಕು. ಶನಿವಾರ ತೀರ್ಥಹಳ್ಳಿಯಲ್ಲಿ, ಪರದೇಶಕ್ಕೆ ಜನ ಕಳಿಸುವ ಮಿಷನ್ ಮಂಡಳಿಯ ಕಾರ್ಯದರ್ಶಿಯ ಕೈಗೆ ಫಾರ್ಮು ಸೇರಬೇಕು. ಸೇರಿದರೆ ಜನವರಿಯಲ್ಲಿ ಮತ್ತೆ ಮಲಾವಿ, ಅದೇ ಲ್ಯಾಬು, ಅದೇ ಒಕ್ಕಣ್ಣಿನ ಮೈಕ್ರೋಸ್ಕೋಪು. ಸೇರದಿದ್ದರೆ ಆ ಜಾಗಕ್ಕೆ ಬೇರೆ ಯಾರೋ, ಮೂರು ವರ್ಷಕ್ಕೆ.

ಇವತ್ತು ಬುಧವಾರ. ಅವಳು ಊರಿಗೆ ಬಂದು ನಲವತ್ತೆರಡು ದಿನವಾಗಿತ್ತು. ಅದರಲ್ಲಿ ಪ್ರಾರ್ಥನೆ ಮಾಡಿದ ದಿನ ಒಂದೂ ಇಲ್ಲ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಮಂಡಳಿಗೆ ಬೇಕಾದವರು ಮಂಡಿಯೂರುವವರು. ಇವಳದ್ದೋ ಮಂಡಿ ಊರುವ ಮೊದಲೇ ಊರೂರು ಸುತ್ತುವ ಕಾಲು. ಮೊದಲ ವಾರ ಮಲಗುವ ಕೋಣೆಯಲ್ಲಿ ಕೂತಳು. ಎರಡನೆಯ ವಾರ ತಾರಸಿ ಹತ್ತಿದಳು. ಮೂರನೆಯ ವಾರ ಚರ್ಚಿನ ಜಗಲಿಗೆ ಹೋದಳು. ಅಲ್ಲಿ ವಾಕಿಂಗ್ ಮುಗಿಸಿದ ನಾಲ್ವರು ನಿವೃತ್ತ ಗುಮಾಸ್ತರು ರಕ್ತದೊತ್ತಡದ ಬಗ್ಗೆ ವಿಚಾರಗೋಷ್ಠಿ ನಡೆಸುತ್ತಿದ್ದರು. ಲ್ಯಾಬಿನ ಹುಡುಗಿ ಅಂತ ತಿಳಿದು ಇವಳನ್ನೇ ಅಧ್ಯಕ್ಷೆ ಮಾಡಿದರು. ಕಣ್ಣು ಮುಚ್ಚಿದರೆ ಕಾಲು ಅಲುಗುತ್ತಿತ್ತು. ಕಾಲು ಹಿಡಿದು ಕೂತರೆ ಕಣ್ಣು ತೆರೆಯುತ್ತಿತ್ತು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತಿತ್ತು. ಇಲ್ಲಿಯ ಎಂಟು ಅಂದರೆ ಅಲ್ಲಿಯ ನಾಲ್ಕೂವರೆ. ಅಲ್ಲಿ ನೀರು ಬರುವ ಹೊತ್ತು.

ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ರವಿಕೆಗೆ ಅಳತೆ ಕೊಡಲು ಬಂದ ಹಾಲಮ್ಮ, ಒಳಗೆ ಹೊರಗೆ ಓಡಾಡುತ್ತಿದ್ದ ಸುಚಿತ್ರಾಳನ್ನು ನೋಡಿ ಕೇಳಿದಳು.

"ಅಲ್ವೇ, ಇವ್ಳು ಫಾರಿನ್ನಲ್ಲಿ ಮಿಷನ್ ಕೆಲ್ಸ ಅಂತಿದ್ಯಲ್ಲ. ನಿಂದು ಹೊಲಿಗೆ ಮಿಷನ್ನು. ಇವ್ಳದ್ದು ಎಂತ ಮಿಷನ್ನು?"

"ಅವ್ಳದ್ದು ರಿಪೇರಿಗೆ ಬಂದದೆ. ಕೈ ಎತ್ತು, ತೋಳಿನ ಅಳತೆ ತಗೋಬೇಕು," ಅಂದಳು ಅಮ್ಮ.

ಸುಚಿತ್ರಾ ನಕ್ಕು ಒಳಗೆ ಹೋದಳು. ನಗು ಒಳಗಿನವರೆಗೂ ಬರಲಿಲ್ಲ.

ಅವಳು ಮಲಾವಿಯಲ್ಲಿ ಪ್ರಾರ್ಥನೆಯ ಅಭ್ಯಾಸ ಕಟ್ಟಿಕೊಂಡ ಬಗೆಯನ್ನು ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ಹೊರಡುವ ಮೊದಲು ಮಂಡಳಿಯವರು ಒಂದು ಕೈಪಿಡಿ ಕೊಟ್ಟಿದ್ದರು. ಪರದೇಶದಲ್ಲಿ ಸೇವೆಗೆ ಹೋದವರು ಮೊದಲು ಸೋಲುವುದು ಹೊರಗಿನ ಕೆಲಸದಲ್ಲಲ್ಲ, ಒಳಗಿನ ಅಭ್ಯಾಸದಲ್ಲಿ. ಆದ್ದರಿಂದ ದಿನವೂ ಒಂದೇ ಕುರ್ಚಿ, ಒಂದೇ ಮೂಲೆ, ಒಂದೇ ಹೊತ್ತು ಇರಲಿ ಅಂತ ಅದರಲ್ಲಿ ಬರೆದಿತ್ತು. ಅಲ್ಲಿ ಕುರ್ಚಿಗೆ ಗೆದ್ದಲು ಹಿಡಿಯಿತು. ಮೂಲೆಯನ್ನು ಬಾವಲಿಯೊಂದು ಹಿಡಿಯಿತು. ಹೊತ್ತನ್ನು ರಾತ್ರಿಪಾಳಿ ನುಂಗಿತು. ಮೂರೇ ತಿಂಗಳಿಗೆ ಅಭ್ಯಾಸ ಹೋಗಿ ಆಭಾಸವಾಯಿತು.

ಆಮೇಲೆ ಬೇಸಿಗೆ ಬಂತು. ವಸತಿಗೃಹದ ಹಿಂದಿನ ನಲ್ಲಿಗೆ ಬೆಳಗಿನ ನಾಲ್ಕೂವರೆಗೆ ಮಾತ್ರ ನೀರು, ಅದೂ ಹೊಲಿಗೆ ದಾರದಷ್ಟು ಸಪೂರ. ಒಂದು ಡ್ರಮ್ಮು ತುಂಬಲು ನಲವತ್ತು ನಿಮಿಷ. ಪೈಪನ್ನು ಎರಡೂ ಕೈಯಲ್ಲಿ ಹಿಡಿದೇ ಕೂರಬೇಕು. ಬಿಟ್ಟರೆ ಜಾರಿ ನೆಲಕ್ಕೆ. ಫೋನು ಹಿಡಿಯಲು ಮೂರನೆಯ ಕೈ ಇಲ್ಲ. ಸುಚಿತ್ರಾ ಬಕೆಟ್ಟು ಬೋರಲು ಹಾಕಿ ಕೂತು, ಬೇಸರಕ್ಕೆ ಊರಿನವರ ದನಿಗಳನ್ನು ಅನುಕರಿಸತೊಡಗಿದಳು. ಚಿಕ್ಕಂದಿನಿಂದಲೂ ಅದೊಂದು ವಿದ್ಯೆ ಅವಳಿಗೆ ಬಾಯಿಗೆ ಬಂದಿತ್ತು. ಸಾಗರ ಬಸ್ ಸ್ಟ್ಯಾಂಡಿನ ಏಜೆಂಟು "ಹೊಸ್ನಗ್ರಾ ಹೊಸ್ನಗ್ರಾ ಹೊಸ್ನಗ್ರಾ" ಅಂತ ಕೂಗುವುದು, ಮೀನಿನವನ ಹಾರ್ನು, ಹಾಲಮ್ಮನ ಚೌಕಾಶಿ. ಎಲ್ಲ ಮುಗಿದರೂ ಡ್ರಮ್ಮು ಅರ್ಧ. ಆಗ ಶುರುವಾದದ್ದು ಸುರೇಂದ್ರ ಮಾಸ್ತರು.

ಮಾಸ್ತರು ಹೊಸನಗರದವರು, ನಿವೃತ್ತ ಉಪದೇಶಿ. ಪಾದ್ರಿಗಳಿಲ್ಲದ ಸಣ್ಣ ಚರ್ಚ್ ಸಭೆಗಳಲ್ಲಿ ಬೋಧನೆ ಮಾಡುವುದು, ಮಕ್ಕಳಿಗೆ ಭಾನುವಾರದ ಶಾಲೆ ನಡೆಸುವುದು ಅವರ ಕೆಲಸವಾಗಿತ್ತು. ಸಾಗರದ ಭಾನುವಾರದ ಶಾಲೆಗೂ ಅವರೇ ಬರುತ್ತಿದ್ದರು. ಪ್ರಾರ್ಥನೆಗೆ ನಿಂತರೆ ಮೂರು ಮಾತಿಗೊಂದು ಕೆಮ್ಮು. "ಕರ್ತನೇ, ಸ್ವಾಮೀ, ನಿನ್ನ ಮುಂದೆ ಕೂತಿದೇವೆ," ಅನ್ನುವರು. ಖೊಕ್ ಖೊಕ್. "ಕೂತಿದೇವೆ, ಅಷ್ಟೇ." ಏಳನೆಯ ತರಗತಿಯಲ್ಲೇ ಸುಚಿತ್ರಾ ಅದನ್ನು ಅಣಕಿಸಿ ಇಡೀ ಬೆಂಚನ್ನು ಹೊಟ್ಟೆ ಹಿಡಿದು ನಗಿಸಿದ್ದಳು.

ಡ್ರಮ್ಮಿನ ಮುಂದೆಯೂ ಮೊದಮೊದಲು ಅದು ಬರೀ ಅಣಕ. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಹಿಂದಿನ ಸಂಜೆ ಸ್ಲೈಡಿನಲ್ಲಿ ನೋಡಿದ ಒಂದು ಮಗುವಿನ ರಕ್ತ ನೆನಪಾಯಿತು. ಮಲೇರಿಯಾ, ಮೆದುಳಿಗೆ ಏರಿತ್ತು. ಮಾಸ್ತರ ದನಿಯಲ್ಲೇ ಆ ಮಗುವಿನ ಹೆಸರು ಹೇಳಿದಳು. ಅಣಕ ಅಲ್ಲಿಗೆ ನಿಂತಿತು. ದನಿ ನಿಲ್ಲಲಿಲ್ಲ.

ಮಳೆ ಬಂದರೂ ನಲ್ಲಿ ಬದಲಾಗಲಿಲ್ಲ. ಹಾಗೆ ಉಳಿದ ಎರಡೂವರೆ ವರ್ಷ. ಒಂದು ದಿನವೂ ತಪ್ಪಲಿಲ್ಲ. ಪಕ್ಕದ ಮನೆಯ ನರ್ಸ್ ಚಿಸೋಮೋ ತನ್ನ ಡ್ರಮ್ಮನ್ನು ಇವಳದ್ದರ ಪಕ್ಕಕ್ಕೆ ತಂದಿಟ್ಟು ಕೂರತೊಡಗಿದಳು. ಆಮೇಲೆ ಇನ್ನೂ ಮೂವರು. ಅವರಿಗೆ ಕನ್ನಡ ಬಾರದು. ಕೆಮ್ಮೂ ಪ್ರಾರ್ಥನೆಯದೇ ಭಾಗವಿರಬೇಕೆಂದು ತಿಳಿದು ಚಿಸೋಮೋ ಆ ಜಾಗ ಬಂದಾಗ ಭಕ್ತಿಯಿಂದ ತಾನೂ ಕೆಮ್ಮುತ್ತಿದ್ದಳು. ಸುದ್ದಿ ಮಂಡಳಿಗೆ ಮುಟ್ಟಿತು. "ಪರದೇಶದಲ್ಲಿ ಪ್ರಾರ್ಥನಾ ಜೀವನಕ್ಕೊಂದು ಮಾದರಿ" ಅಂತ ಮಂಡಳಿಯ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಅದರಲ್ಲಿ ಡ್ರಮ್ಮು ಇರಲಿಲ್ಲ.

ಊರಿಗೆ ಬಂದ ಮೇಲೆ ಆ ದನಿ ಬಾಯಿಗೆ ಬಂದರೂ ತುಟಿ ದಾಟಲಿಲ್ಲ. ಅಲ್ಲಿ ಅದು ಯಾರದ್ದೂ ಅಲ್ಲದ ದನಿ. ಇಲ್ಲಿ ದನಿಗೊಬ್ಬ ಯಜಮಾನನಿದ್ದಾನೆ, ಬದುಕಿದ್ದಾನೆ, ಐವತ್ತು ಕಿಲೋಮೀಟರಿನೊಳಗೇ ಇದ್ದಾನೆ. ಸಾಲದ್ದಕ್ಕೆ ಮೂರನೆಯ ಪುಟಕ್ಕೆ ಸಹಿ ಹಾಕಬೇಕಾದವನೂ ಅವನೇ. ಮೊದಲ ಸಲ ಸಾಕ್ಷಿಯಾದವರೇ ಎರಡನೆಯ ಸಲವೂ ಆಗಬೇಕೆಂಬುದು ಮಂಡಳಿಯ ನಿಯಮ.

ಗುರುವಾರ ಅವಳಿಗೊಂದು ಉಪಾಯ ಹೊಳೆಯಿತು. ನಾಲ್ಕೂವರೆಗೆ ಎದ್ದು ಬಚ್ಚಲಿಗೆ ಹೋಗಿ, ಅಮ್ಮ ಬಟ್ಟೆ ನೆನೆಸುವ ನೀಲಿ ಡ್ರಮ್ಮನ್ನು ನಲ್ಲಿಯ ಕೆಳಗಿಟ್ಟಳು. ನಲ್ಲಿಯನ್ನು ದಾರದಷ್ಟು ತಿರುಗಿಸಿದಳು. ಬಕೆಟ್ಟು ಬೋರಲು ಹಾಕಿ ಕೂತು, ಕೈ ಜೋಡಿಸಿ, ಉಸಿರು ತೆಗೆದುಕೊಂಡಳು.

ಬಾಗಿಲಲ್ಲಿ ಅಮ್ಮ.

"ಎಂತ ಮಾಡ್ತಿದೀ ಕತ್ಲಲ್ಲಿ?"

"ನೀರು ತುಂಬ್ತಿದೀನಿ."

"ತಲೆ ಮೇಲೆ ಸಾವ್ರ ಲೀಟ್ರಿನ ಟ್ಯಾಂಕಿದೆ. ನಿಂಗೆಂತ ಡ್ರಮ್ಮಿನ ಚಟ?"

"ಇರ್ಲಿ ಅಮ್ಮ, ನಿಧಾನ ತುಂಬ್ಲಿ."

"ನಿಧಾನ ತುಂಬ್ಲಿಕ್ಕೆ ಇದೆಂತ ಹುಂಡಿಯಾ? ವಾಷರ್ ಹೋಗಿದೆ ಅಂತ ಕಾಣ್ತದೆ, ಸರಿ." ಅಮ್ಮ ಬಗ್ಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಧೋ ಅಂತ ಬಿತ್ತು. ಎರಡೇ ನಿಮಿಷಕ್ಕೆ ಡ್ರಮ್ಮು ಉಕ್ಕಿ ಸುಚಿತ್ರಾಳ ಕಾಲು ತೋಯಿಸಿತು. "ತುಂಬ್ತು. ಹೋಗಿ ಮಲ್ಕೋ."

ಶುಕ್ರವಾರ ಅವಳು ನಲ್ಲಿಯ ತಂಟೆಗೆ ಹೋಗಲಿಲ್ಲ. ಸಾಗರದ ಪೇಟೆಯನ್ನು ಮೂರು ಸುತ್ತು ಹಾಕಿದಳು. ಒಂದೇ ಔಷಧದಂಗಡಿಗೆ ಎರಡು ಸಲ ಹೋಗಿ ಏನನ್ನೂ ಕೊಳ್ಳದೆ ಬಂದಳು. ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ನಿನ್ ನೋಡಿ ನಂಗೇ ತಲೆ ಸುತ್ತು ಬರ್ತಿದೆ. ಹೋಗೋದಿದ್ರೆ ಹೋಗು, ಇರೋದಿದ್ರೆ ಇರು," ಅಂದಳು.

ಶನಿವಾರ ಬೆಳಗ್ಗೆ ಏಳಕ್ಕೆ ಸುಚಿತ್ರಾ ಹೊಸನಗರದ ಬಸ್ಸು ಹತ್ತಿದಳು. ಯೋಜನೆ ಸರಳವಾಗಿತ್ತು. ಮಾಸ್ತರಿಗೆ ಎಪ್ಪತ್ತೆಂಟು. ಕಣ್ಣು ಮಂಜು, ಕಿವಿಗೆ ಯಂತ್ರ. ಪೆನ್ನು ಕೊಟ್ಟು ಜಾಗ ತೋರಿಸಿದರೆ ಸಹಿ ಹಾಕುತ್ತಾರೆ. ಆ ಸಹಿ ಹಿಡಿದು ಮಧ್ಯಾಹ್ನದೊಳಗೆ ತೀರ್ಥಹಳ್ಳಿ. ಪ್ರಾರ್ಥನೆಯನ್ನು ಮಲಾವಿಗೆ ಹೋದ ಮೇಲೆ ನೋಡಿಕೊಂಡರಾಯಿತು. ಅಲ್ಲಿ ನೀರಿನ ತೊಂದರೆಗೇನೂ ತೊಂದರೆಯಿಲ್ಲ.

ಹೆಗ್ಗೋಡು ದಾಟುವಷ್ಟರಲ್ಲಿ ಅವಳು ಎರಡು ಸಲ ಸೀಟು ಬದಲಿಸಿದ್ದಳು. ಎರಡನೆಯ ಸೀಟಿನಲ್ಲಿ ಪಕ್ಕಕ್ಕಿದ್ದವರು ತುಮರಿಯ ಕಡೆಯ ರೈತ, ಜಯಪ್ಪ ಅಂತ, ಮಗಳ ಮನೆಗೆ ಹೊರಟವರು. ಮಡಿಲಲ್ಲಿ ಎರಡು ಹಲಸಿನ ಹಪ್ಪಳದ ಕಟ್ಟು.

"ಎಂತ ತಂಗಿ, ಸೀಟಲ್ಲಿ ಮುಳ್ಳಿದ್ಯಾ?"

"ಇಲ್ಲ, ಕೂತಲ್ಲಿ ಕೂರಕ್ಕಾಗ್ತಿಲ್ಲ ಅಷ್ಟೇ."

"ನಂಗೂ ಹಂಗೇ ಆಗದೆ, ಸೇತುವೆ ಆದಾಗಿಂದ."

ಶರಾವತಿ ಹಿನ್ನೀರಿನ ಸೇತುವೆಗೂ ಕೂರುವುದಕ್ಕೂ ಏನು ಸಂಬಂಧವೆಂದು ಸುಚಿತ್ರಾಳಿಗೆ ತಿಳಿಯಲಿಲ್ಲ. ಜಯಪ್ಪ ಹಪ್ಪಳದ ಕಟ್ಟನ್ನು ಕಾಲಬುಡಕ್ಕಿಳಿಸಿ ಶುರುಮಾಡಿದರು.

"ಹಿನ್ನೀರು ದಾಟ್ಸೋ ಲಾಂಚ್ ಇದ್ದಾಗ ದಡದಾಗೆ ಮುಕ್ಕಾಲು ಗಂಟೆ ಕಾಯ್ಬೇಕಿತ್ತು. ಮೊದ್ಲು ಹತ್ತು ನಿಮ್ಷ ಸರ್ಕಾರಕ್ಕೆ ಬೈಯೋದು. ಆಮೇಲೆ ಹತ್ತು ನಿಮ್ಷ ಲಾಂಚಿನವ್ನಿಗೆ ಬೈಯೋದು. ಬೈಯಕ್ಕೆ ಇನ್ಯಾರೂ ಉಳೀಲಿಲ್ಲ ಅಂದ್ಮೇಲೆ ದೇವ್ರ ಹೆಸ್ರು. ಮೂವತ್ತು ವರ್ಷ ಹಂಗೇ ನಡೀತು. ಈಗ ಬಸ್ಸು ಬುರ್ರ್ ಅಂತ ದಾಟ್ತದೆ. ದೇವ್ರಿಗೆ ಸ್ಟಾಪೇ ಇಲ್ಲ."

"ಮನೇಲಿ ಕೂರ್ಬಹುದಲ್ಲ ಜಯಪ್ಪಣ್ಣ?"

"ಮನೇಲಿ ಕೂತ್ರೆ ಹೆಂಡ್ತಿ ಕೆಲ್ಸ ಹೇಳ್ತಾಳೆ." ಸ್ವಲ್ಪ ತಡೆದು, "ಸೇತುವೆ ಬೇಡ ಅಂತಲ್ಲ ಮತ್ತೆ. ಬಾಣಂತೀರು, ಹುಷಾರಿಲ್ದೋರು, ಎಷ್ಟು ಜನಕ್ಕೆ ಜೀವ ಬಂತು. ನಾ ಅನ್ಕಂಡಿದ್ದೆ, ದೇವ್ರನ್ನ ನಾ ಕರೀತಿದೀನಿ ಅಂತ. ಕೂರ್ಸಿದ್ದು ಲಾಂಚು. ಅದು ಹೋದ್ಮೇಲೆ ಗೊತ್ತಾತು, ನಂಗೆ ಕೂರಕ್ಕೇ ಬರಲ್ಲ," ಅಂದರು.

ಸುಚಿತ್ರಾ ಕಿಟಕಿಯ ಕಡೆ ತಿರುಗಿದಳು. ಫೋನು ನೋಡಿದಳು. ಎಂಟು ದಾಟಿತ್ತು. ಚಿಸೋಮೋಳಿಂದ ದಿನವೂ ಬರುವ ಧ್ವನಿಸಂದೇಶ ಬಂದಿತ್ತು. ಹಿಂದೆ ನೀರು ತೊಟ್ಟಿಕ್ಕುವ ಸದ್ದು, ನಾಲ್ಕು ಹೆಂಗಸರ ಗುಣುಗುಟ್ಟುವಿಕೆ, ನಡುವೆ ಒಂದು ಕೆಮ್ಮು. ಅವಳಿಲ್ಲದೆಯೂ ಅದು ನಡೆಯುತ್ತಿತ್ತು. ಅವಳು ಮೂರನೆಯ ಸಲ ಸೀಟು ಬದಲಿಸಿದಳು.

ಹೊಸನಗರದಲ್ಲಿ ಮಾಸ್ತರ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಅವರು ಜಗಲಿಯ ಮೇಲೆ ಚಾಪೆ ಹಾಸಿ, ಮೈದಾ ಹಿಟ್ಟಿನ ಅಂಟು ಕಲಸಿಕೊಂಡು, ಹರಿದ ಗೀತೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸಭೆಗಳ ಪುಸ್ತಕಗಳು ರೋಗಿಗಳ ಹಾಗೆ ಸಾಲಾಗಿ ಮಲಗಿದ್ದವು.

"ಬಾ ಮಲಾವಿ ಮಹಾರಾಣಿ. ಬಂದು ಎಷ್ಟು ದಿನ ಆಯ್ತು?"

"ನಲವತ್ತೈದು."

"ಸಾಗರದಿಂದ ಹೊಸನಗರಕ್ಕೆ ಬರ್ಲಿಕ್ಕೆ ನಲವತ್ತೈದು ದಿನವಾ? ದಾರೀಲಿ ಬಟ್ಟೆಮಲ್ಲಪ್ಪದಲ್ಲಿ ಪಾಸ್‌ಪೋರ್ಟ್ ಕೇಳಿದ್ರಾ?"

ಸುಚಿತ್ರಾ ನಕ್ಕಳು, ಫಾರ್ಮು ತೆಗೆದಳು, ಮೂರನೆಯ ಪುಟ ತಿರುಗಿಸಿ ಗೆರೆಯ ಮೇಲೆ ಬೆರಳಿಟ್ಟಳು. ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟಳು. "ಇಲ್ಲೊಂದು ಸಹಿ ಮಾಸ್ತರೇ. ಹೋದ್ಸಲ ಹಾಕಿದ್ರಲ್ಲ, ಹಂಗೇ."

"ಓದು."

"ಮಾಮೂಲಿನದ್ದೇ."

"ನಂಗೆ ಕಣ್ಣು ಮಂಜು. ನೀ ಓದು."

ಓದಿದಳು. 'ನಲವತ್ತು' ಎಂಬಲ್ಲಿ ನಾಲಿಗೆ ತುಸು ಓಡಿತು. ಮಾಸ್ತರು ಕಿವಿಯ ಯಂತ್ರಕ್ಕೆ ಕೈ ಹಾಕಿ ಸದ್ದು ಹೆಚ್ಚಿಸಿಕೊಂಡರು. ಅದು ಕುಂಯ್ ಅಂತು.

"ಖುದ್ದಾಗಿ ಕೇಳಿದ್ದೇನೆ ಅಂತ ಬರ್ದಿದೆ. ಕೇಳ್ದೇ ಸಹಿ ಹಾಕಿದ್ರೆ ನಾ ಸುಳ್ಳುಗಾರ. ಹೋದ್ಸಲ, ನೀ ಚಿಕ್ಕೋಳಿದ್ದಾಗ ಭಾನುವಾರದ ಶಾಲೇಲಿ ಕೇಳಿದ್ದೇ ಲೆಕ್ಕಕ್ಕೆ ತಗೊಂಡೆ. ಈಗ ಮಾಡು, ಕೇಳ್ತೀನಿ."

"ಈಗ್ಲಾ?"

"ಅಂಟು ಒಣಗೋದ್ರೊಳಗೆ."

ಅವರು ಕಣ್ಣು ಮುಚ್ಚಿದರು. ಅಂಟು ಮೆತ್ತಿದ ಹತ್ತು ಬೆರಳನ್ನೂ ಮುಂದಕ್ಕೆ ಚಾಚಿ, ಎಲ್ಲೂ ತಾಗದ ಹಾಗೆ ಗಾಳಿಯಲ್ಲಿ ಹಿಡಿದು ಕೂತರು.

ಸುಚಿತ್ರಾ ಕಣ್ಣು ಮುಚ್ಚಿದಳು. ಸಾಗರದ ಹೊಸ ಪಾದ್ರಿಗಳ ರಾಗವನ್ನು ಹಿಡಿದು, "ಮಹೋನ್ನತನಾದ ದೇವರೇ," ಅಂತ ಶುರುಮಾಡಿದಳು. ರಾಗ ಎರಡನೆಯ ಪದಕ್ಕೆ ಕೈಕೊಟ್ಟಿತು. ಮಂಡಳಿಯ ಪತ್ರಿಕೆಯ ಭಾಷೆಯಲ್ಲಿ, "ಸೇವಾಕ್ಷೇತ್ರದಲ್ಲಿ ನೀನು ಅನುಗ್ರಹಿಸಿದ," ಅಂದಳು. ಅದು ವಾರ್ಷಿಕ ವರದಿಯ ಹಾಗೆ ಕೇಳಿ ತನಗೇ ನಾಚಿಕೆಯಾಗಿ ನಿಲ್ಲಿಸಿದಳು. ಓಣಿಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು. ಅದು ಹಿಡಿಯುತ್ತಿರಲಿಲ್ಲ. ಎದ್ದು ಓಡಿಬಿಡೋಣ ಅನ್ನಿಸಿತು. ಕಣ್ಣು ತೆರೆದು ನೋಡಿದರೆ ಮಾಸ್ತರು ಹಾಗೇ ಕಾದಿದ್ದರು, ಬೆರಳು ಗಾಳಿಯಲ್ಲಿ.

ಮತ್ತೆ ಕಣ್ಣು ಮುಚ್ಚಿದಳು. ಈ ಸಲ ಬಂದದ್ದು ಎದೆಯ ಕೆಳಗಿನಿಂದ, ಎರಡೂವರೆ ವರ್ಷ ಸವೆದ ದಾರಿಯಲ್ಲಿ.

"ಕರ್ತನೇ, ಸ್ವಾಮೀ, ನಿನ್ನ ಮುಂದೆ ಕೂತಿದೇವೆ." ಖೊಕ್ ಖೊಕ್. "ಕೂತಿದೇವೆ, ಅಷ್ಟೇ."

ಎದುರಿನ ಚಾಪೆ ಸರಕ್ಕೆಂದಿತು. ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡಲಾಗದೆಂದು ಗೊತ್ತಿತ್ತು.

"ಚಿಸೋಮೋ ಇದಾಳೆ, ಅವಳ ಸೊಂಟನೋವು ನಿಂಗೆ ಗೊತ್ತಿದೆ. ಲ್ಯಾಬಿನ ಬಾಗಿಲು ಮುಚ್ಚಿದೆ, ಸ್ಲೈಡು ನೋಡೋರಿಲ್ಲ, ಮಕ್ಕಳು ಜ್ವರದಲ್ಲಿ ಕಾಯ್ತಿದಾವೆ." ಖೊಕ್. "ಇನ್ನು ಈ ಸುಚಿತ್ರಾ. ಸ್ವಾಮೀ, ಇವಳು ಊರಿಗೆ ಬಂದು ನಲವತ್ತೈದು ದಿನ ಆಯ್ತು. ಒಂದು ದಿನವೂ ನಿನ್ನ ಹತ್ರ ಸುಳೀಲಿಲ್ಲ. ಇವತ್ತು ಸಹಿ ಬೇಕು ಅಂತ ಬಂದಿದಾಳೆ. ಇವಳಿಗೆ ಸ್ವಂತದ್ದು ಅಂತ ಒಂದು ಪ್ರಾರ್ಥನೆಯಿಲ್ಲ. ಇದೂ ಕದ್ದದ್ದು. ಯಜಮಾನರು ಎದುರಿಗೇ ಇದಾರೆ." ಖೊಕ್ ಖೊಕ್. "ಏನು ಮಾಡ್ತೀಯೋ ಮಾಡು. ಆಮೆನ್."

ಸ್ಕೂಟರು ಯಾವಾಗ ಹೊರಟುಹೋಯಿತೋ ಗೊತ್ತಾಗಲಿಲ್ಲ. ಸುಚಿತ್ರಾ ಕಣ್ಣು ತೆರೆಯಲಿಲ್ಲ. ಬೈಗುಳಕ್ಕೆ ಕಾದಳು.

"ಆ ಕೆಮ್ಮು," ಅಂದರು ಮಾಸ್ತರು.

"ತಪ್ಪಾಯ್ತು ಮಾಸ್ತರೇ. ನಿಮ್ಮದು."

"ನಂದಲ್ಲ ಮಾರಾಯ್ತಿ. ನಂಗೆಲ್ಲಿದೆ ಕೆಮ್ಮು? ನೀ ಬಂದು ಅರ್ಧ ಗಂಟೆ ಆಯ್ತು, ಒಂದ್ಸಲ ಕೆಮ್ಮಿದ್ನಾ?"

ಅವಳು ಕಣ್ಣು ಬಿಟ್ಟಳು. ಹೌದಲ್ಲ.

"ಅದು ಎಲೀಯ ಉಪದೇಶಿಗಳದ್ದು," ಅಂದರು ಮಾಸ್ತರು. "ನಂಗೆ ಕಲ್ಸಿದೋರು. ನೀ ಹುಟ್ಟೋಕ್ಕಿಂತ ಮೊದ್ಲೇ ಹೋದ್ರು. ಅವ್ರಿಗೆ ಉಬ್ಬಸ. ಕವಲೇದುರ್ಗದ ಕೆಳಗಿನ ಊರುಗಳಿಗೆಲ್ಲ ಸೈಕಲ್ ತುಳೀತಾ ಹೋಗೋರು. ಬಂದು ಪ್ರಾರ್ಥನೆಗೆ ನಿಂತ್ರೆ ಉಸಿರೇ ಇಲ್ಲ, ಕೆಮ್ಮೇ ಎಲ್ಲ. ನಾ ಹದಿನಾರು ವರ್ಷದೋನು. ಪ್ರಾರ್ಥನೆ ಅಂದ್ರೆ ಹಿಂಗೇ ಮಾಡ್ಬೇಕು ಅನ್ಕೊಂಡೆ. ಅವ್ರು ಕೂತಿದೇವೆ ಅಂತಿದ್ದದ್ದು ಯಾಕೆ ಗೊತ್ತಾ? ನಿಲ್ಲಕ್ಕೆ ಆಗ್ತಿರ್ಲಿಲ್ಲ, ಅದಕ್ಕೆ. ನಾನು ಐವತ್ತು ವರ್ಷ ನಿಂತ್ಕೊಂಡೇ ಕೂತಿದೇವೆ ಅಂದೆ. ಒಬ್ರೂ ಕೇಳ್ಲಿಲ್ಲ."

ಸುಚಿತ್ರಾಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಚಿಸೋಮೋಳ ಕೆಮ್ಮಿನ ಸುದ್ದಿ ಹೇಳಿ, ಫೋನಿನಲ್ಲಿದ್ದದ್ದನ್ನು ಅವರ ಯಂತ್ರದ ಕಿವಿಗೆ ಹಿಡಿದಳು. ಮಾಸ್ತರು ಕೇಳಿದರು. ಇನ್ನೊಮ್ಮೆ ಹಾಕು ಅಂದರು.

"ಉಬ್ಬಸ ಆಫ್ರಿಕಾ ತನಕ ಹೋಯ್ತಲ್ಲ," ಅಂದರು. ಆಮೇಲೆ ಪೆನ್ನು ತೆಗೆದುಕೊಂಡರು. "ಇದಕ್ಕೆ ನಾ ಸಹಿ ಹಾಕ್ಲಾರೆ."

"ಗೊತ್ತು."

"ಆದ್ರೆ ನಾ ಕೇಳಿದ್ದೂ ಸುಳ್ಳಲ್ಲ." ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದರು. 'ನಲವತ್ತು ದಿನ ಪ್ರತಿದಿನ' ಎಂಬುದನ್ನು ಹೊಡೆದು 'ಒಂದು ದಿನ' ಅಂತ ಬರೆದರು. 'ಮುಂಜಾನೆ' ಹೊಡೆದು 'ಒಂಬತ್ತೂವರೆಗೆ' ಅಂದರು. 'ಏಕಾಂತ'ವನ್ನೂ ಹೊಡೆದರು. "ನಾನಿದ್ನಲ್ಲ." 'ಬಲ್ಲೆ' ಎಂಬಲ್ಲಿ ಪೆನ್ನು ನಿಂತಿತು. "ಇದಿರ್ಲಿ," ಅಂದರು. ಸಹಿ ಹಾಕಿದರು. ಅಂಟಿನ ಹೆಬ್ಬೆಟ್ಟೂ ಪಕ್ಕದಲ್ಲಿ ಮೂಡಿತು, ಒಬ್ಬ ಸಾಕ್ಷಿ ಸಾಲದೆಂಬಂತೆ.

ತೀರ್ಥಹಳ್ಳಿಯ ಬಸ್ಸಿನಲ್ಲಿ ಸುಚಿತ್ರಾ ಫಾರ್ಮನ್ನು ನಾಲ್ಕು ಸಲ ತೆಗೆದು ನೋಡಿದಳು. ಕೋಣಂದೂರಿನಲ್ಲಿ ಇಳಿದು ವಾಪಸ್ ಹೋಗಿಬಿಡುವ ಮನಸ್ಸಾಗಿ ಎದ್ದೂ ನಿಂತಳು. ಕಂಡಕ್ಟರು, "ಇಳೀತೀರಾ, ನಿಂತ್ಕೊಳ್ತೀರಾ, ಒಂದು ಹೇಳಿ," ಅಂದ. ನಿಂತೇ ತೀರ್ಥಹಳ್ಳಿ ಮುಟ್ಟಿದಳು.

ಸಭಾಭವನದಲ್ಲಿ ಕಾರ್ಯದರ್ಶಿ ಸ್ವಪ್ನಾ ಮೇಡಂ ಲ್ಯಾಪ್‌ಟಾಪಿನ ಮುಂದೆ ಅರ್ಧ ಚಪಾತಿ ಹಿಡಿದು ಕೂತಿದ್ದರು. ಮೂರನೆಯ ಪುಟ ನೋಡಿ ಚಪಾತಿ ಕೆಳಗಿಟ್ಟರು.

"ಇದೇನಮ್ಮ, ಪ್ರಶ್ನೆಪತ್ರಿಕೆ ತಿದ್ದಿದ ಹಾಗಿದೆ?"

"ನಿಜ ಬರ್ದಿದಾರೆ ಮೇಡಂ."

ಮೇಡಂ ಇನ್ನೊಮ್ಮೆ ಓದಿದರು. ಕೆಟ್ಟವರಲ್ಲ, ಹನ್ನೊಂದು ದೇಶಗಳಿಗೆ ಜನ ಹೊಂದಿಸುವ ಕೆಲಸದಲ್ಲಿ ದಣಿದವರು. ದನಿ ತಗ್ಗಿಸಿದರು. "ನೋಡು, ನಿನ್ನ ವಿಷಯದಲ್ಲಿ ಇದು ಬರೀ ಫಾರ್ಮಾಲಿಟಿ. ಪೇಪರಲ್ಲಿ ನಿನ್ನ ಫೋಟೋ ಹಾಕಿದ್ದೇ ನಾನು. ಮಲಾವಿಯವರು ನೀನೇ ಬೇಕು ಅಂತ ಮೂರು ಮೇಲ್ ಹಾಕಿದಾರೆ." ಡ್ರಾಯರಿನಿಂದ ಹೊಸ ಫಾರ್ಮು ತೆಗೆದರು. "ಸಾಕ್ಷಿಯ ನಿಯಮಾನ ನಾ ಸಡಿಲ ಮಾಡ್ತೀನಿ. ಇಲ್ಲಿ ಸಭೆಯ ಹಿರಿಯರು ಇದಾರೆ, ಹೊರಗೆ ಊಟ ಮಾಡ್ತಿದಾರೆ. ಒಂದು ಸಹಿ, ಎರಡು ನಿಮಿಷ."

ಹೊಸ ಫಾರ್ಮು ಬೆಳ್ಳಗಿತ್ತು. ಸುಚಿತ್ರಾ ಅದನ್ನು ಕೈಗೆತ್ತಿಕೊಂಡಳು. ಎರಡು ನಿಮಿಷ. ಜನವರಿ, ಲ್ಯಾಬಿನ ಬೀಗ, ಬಾಗಿಲಲ್ಲಿ ಜ್ವರದ ಮಕ್ಕಳು. ಆ ಮಕ್ಕಳಿಗೆ ಬೇಕಾದ್ದು ಸ್ಲೈಡು ನೋಡುವವರು, ಪ್ರಾರ್ಥನೆಯ ಲೆಕ್ಕವಲ್ಲ ಅಂತ ಒಂದು ಮನಸ್ಸು ಹೇಳಿತು. ಅದು ಸುಳ್ಳೂ ಅಲ್ಲ. ಬಾಗಿಲವರೆಗೆ ಹೋದಳು. ಹಿರಿಯರು ಸಾರಿಗೆ ಉಪ್ಪು ಕೇಳುತ್ತಿದ್ದರು. ಕರೆದರೆ ಬರುತ್ತಿದ್ದರು. ಓದದೆಯೇ ಹಾಕುತ್ತಿದ್ದರು.

ಅಲ್ಲಿಗೆ ಹೋಗಿ ನಾಳೆ ಡ್ರಮ್ಮಿನ ಮುಂದೆ ಕೂತರೆ, ಈ ಸಹಿಯನ್ನು ಯಾರ ದನಿಯಲ್ಲಿ ಹೇಳುವುದು? ಕನ್ನಡ ತಿಳಿಯದ ಚಿಸೋಮೋಳಿಗೆ ಅದು ಗೊತ್ತಾಗುವುದಿಲ್ಲ. ಅದೇ ಕಷ್ಟ.

ವಾಪಸ್ ಬಂದು ಬೆಳ್ಳಗಿನದ್ದನ್ನು ಮೇಜಿನ ಮೇಲಿಟ್ಟಳು. "ತಿದ್ದಿದ್ದನ್ನೇ ತಗೊಳ್ಳಿ ಮೇಡಂ."

"ಒಂದು ದಿನ ಅಂತ ತಗೊಂಡ್ರೆ ಈ ಸಲದ ಪಟ್ಟಿಗೆ ಸೇರ್ಸಕ್ಕಾಗಲ್ಲ. ಕೇರಳದ ಹುಡುಗ ಒಬ್ಬ ರೆಡಿ ಇದಾನೆ, ಅಲ್ಲಿಗೆ ಅವನು ಹೋಗ್ತಾನೆ. ನಿಂಗೆ ಮುಂದೆ ಬೇರೆ ಎಲ್ಲಾದ್ರೂ ಸಿಕ್ಕಬಹುದು, ಸಿಕ್ಕದೆಯೂ ಇರಬಹುದು."

"ಅವ್ನಿಗೆ ಮಲೇರಿಯಾ ಸ್ಲೈಡು ನೋಡಕ್ಕೆ ಬರತ್ತಾ?"

"ಬರತ್ತೆ."

"ಮೈಕ್ರೋಸ್ಕೋಪಿನ ಎಡಗಡೆ ತಿರುಪು ಸಡಿಲ ಇದೆ. ಎರಡು ಸುತ್ತು ಜಾಸ್ತಿ ತಿರುಗಿಸ್ಬೇಕು ಅಂತ ಹೇಳಿ." ಮೇಡಂ ಬರೆದುಕೊಂಡರು.

ಸಾಗರಕ್ಕೆ ಮರಳುವಷ್ಟರಲ್ಲಿ ರಾತ್ರಿಯಾಗಿತ್ತು. ಅಮ್ಮ ಏನಾಯಿತೆಂದು ಕೇಳಲಿಲ್ಲ. ಮುಖ ನೋಡಿ ಇನ್ನೊಂದು ಚಮಚ ತುಪ್ಪ ಬಡಿಸಿದಳು.

ಭಾನುವಾರ ನಾಲ್ಕೂವರೆಗೆ ಎಚ್ಚರವಾಯಿತು. ಸುಚಿತ್ರಾ ಬಚ್ಚಲಿಗೆ ಹೋಗಲಿಲ್ಲ. ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಸ್ಟೂಲಿನ ಮೇಲೆ ಕೂತಳು. ಐದು ನಿಮಿಷಕ್ಕೆ ಎದ್ದು ಕಿಟಕಿ ಹಾಕಿದಳು. ಮತ್ತೆ ಕೂತಳು. ಎದ್ದು ಕಿಟಕಿ ತೆಗೆದಳು. ಕತ್ತರಿಯನ್ನು ಡಬ್ಬಿಗೆ ಹಾಕಿದಳು, ಮೇಜಿನ ಮೇಲಿದ್ದ ಹಾಲಮ್ಮನ ರವಿಕೆಯ ಗುಂಡಿ ಎಣಿಸಿದಳು. ಕೇರಳದ ಹುಡುಗನ ಮೇಲೆ ಸಿಟ್ಟು ಬಂತು. ಅವನೇನು ಮಾಡಿದ್ದಾನೆ ಪಾಪ ಅನ್ನಿಸಿ ತನ್ನ ಮೇಲೆ ಬಂತು. ಮೂರನೆಯ ಸಲ ಕೂತಾಗ ತೊಡೆಯ ಕೆಳಗೆ ಎರಡೂ ಕೈ ಇಟ್ಟುಕೊಂಡು, ಎಲೀಯ ಉಪದೇಶಿಗಳ ಉಬ್ಬಸದಿಂದಲೇ ಶುರುಮಾಡಿದಳು.

ಸ್ವಲ್ಪ ಹೊತ್ತಿಗೆ ಕೆಮ್ಮಬೇಕಾದ ಜಾಗವೊಂದು ಬಂತು. ಮರೆತು ಮುಂದೆ ಹೋದಳು. ಹುಡುಗನ ಹೆಸರು ಗೊತ್ತಿರಲಿಲ್ಲ. ಆ ಹುಡುಗ ಅಂತಲೇ ಹೇಳಿದಳು. ಅವನಿಗೆ ಬೇಗ ಭಾಷೆ ಬರಲಿ, ತಿರುಪು ಕೈಗೆ ಸಿಗಲಿ ಅಂದಳು. ನನಗೆ ಹೊಟ್ಟೆಕಿಚ್ಚು, ಅದನ್ನು ನೀನೇ ಎಲ್ಲಾದರೂ ಇಟ್ಟುಕೋ ಅಂದಳು. ಇನ್ನೇನು ಹೇಳಬೇಕೋ ತಿಳಿಯದೆ ಆಮೆನ್ ಅಂದಳು.

ತಿರುಗಿದರೆ ಅಡಿಗೆಮನೆಯ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಹಾಲಿನ ಪಾತ್ರೆ.

"ಮೊದ್ಲು ಮಾಡಿದ್ದು ಮಾಸ್ತರದ್ದು, ಗೊತ್ತಾಯ್ತು. ನಿಜಕ್ಕೂ ಮಾಸ್ತರೇ ಬಂದ್ರು ಅನ್ಕೊಂಡು ಕಾಫಿಗೆ ಹಾಲಿಟ್ಟೆ," ಅಂದಳು ಅಮ್ಮ. ಮುಖ ಗಂಟಿಕ್ಕಿತ್ತು. "ಆಮೇಲೆ ನನ್ನದ್ಯಾಕೆ ಮಾಡಿದ್ದು?"

"ನಿಂದಾ?"

"ಮತ್ತೆ? ಹಂಗೆ ಮೂಗಲ್ಲಿ, ಅರ್ಧರ್ಧ ಮಾತು ನುಂಗ್ಕೊಂಡು. ಹಂಗಾ ನಾ ಮಾತಾಡೋದು? ಬೆಳ್ಬೆಳಗ್ಗೆ ದೇವ್ರ ಮುಂದೆ ಹೆತ್ತ ತಾಯಿನ ಅಣಕ್ಸಕ್ಕೆ ನಾಚ್ಕೆ ಆಗಲ್ವಾ ನಿಂಗೆ?"

ಕೆಮ್ಮು ಮರೆತ ಮೇಲೆ ಸುಚಿತ್ರಾ ಯಾರ ದನಿಯನ್ನೂ ಮಾಡಿರಲಿಲ್ಲ.